ಹಳೇ ಸ್ಯಾನ್ ಸ್ಟಾರ್ಮ್: ಮನೆಯಲ್ಲೇ ರಿಪೇರಿ, ಆಮೇಲೆ ತೂಕ ಇಳಿಕೆ

ಪ್ರಶ್ನೆ: ಹುಬ್ಬಳ್ಳಿಯ ಉಣಕಲ್ ಹತ್ತಿರ ನನ್ನ ಮನೆ. ಗೋವಾದಿಂದ ಒಂದು ಹಳೇ ಸ್ಯಾನ್ ಸ್ಟಾರ್ಮ್ ಕಾರು ಕೊಂಡು ತಂದಿದ್ದೇನೆ. ಕೆಲವು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಎಂಜಿನ್ ಚಾಲೂ ಆಗುತ್ತದೆ. ಆದರೆ ಬೇಗ ಬಿಸಿಯಾಗುತ್ತದೆ, ಹೆಡ್‌ಲೈಟು ಮಂಕು, ಬ್ರೇಕು ಮೆತ್ತಗೆ. ಪೋರ್ಟಿಕೋದಲ್ಲೇ ಒಂದೊಂದಾಗಿ ರಿಪೇರಿ ಮಾಡಬೇಕು, ಗಾಡಿ ಹಗುರ ಮಾಡಿ ಚುರುಕು ಹೆಚ್ಚಿಸಬೇಕು ಅಂತ ಆಸೆ. ಎಸಿ, ಸ್ಟೆಪ್ನಿ, ಕಾರ್ಪೆಟ್ ಎಲ್ಲ ಕಿತ್ತುಹಾಕು, ಬಾಡಿಯ ಒಳಭಾಗಕ್ಕೆ ತೂತು ಕೊರೆ ಅಂತ ಗೆಳೆಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? ಏನು ತೆಗೆಯಲಿ, ಏನು ಬಿಡಲಿ?

ಉತ್ತರ: ಮೊದಲು ಡ್ರಿಲ್ ಮಷೀನು ಒಳಗಿಡಿ. ಸ್ಟಾರ್ಮ್‌ನ ಮೈ ಫೈಬರ್‌ಗ್ಲಾಸಿನದು. ಕಾರ್ಖಾನೆಯಿಂದಲೇ ಹಗುರವಾಗಿ ಬಂದಿದೆ. ಅದಕ್ಕೆ ತೂತು ಹೊಡೆದರೆ ಅರ್ಧ ಕಿಲೋ ಇಳಿಯಬಹುದು, ಜೊತೆಗೆ ಗಟ್ಟಿತನವೂ ಹೋಗುತ್ತದೆ. ಇಂಥ ಗಾಡಿಗಳಲ್ಲಿ ಇಳಿಸಬಹುದಾದ ತೂಕ ಹೆಚ್ಚಾಗಿ ಹಿಂದಿನ ಮಾಲೀಕರು ಸೇರಿಸಿದ್ದೇ ಆಗಿರುತ್ತದೆ. ದೊಡ್ಡ ಅಲಾಯ್ ಚಕ್ರ, ಸಬ್‌ವೂಫರ್ ಪೆಟ್ಟಿಗೆ, ಪದರದ ಮೇಲೆ ಪದರ ಬಳಿದ ಪುಟ್ಟಿ, ನೀರು ಕುಡಿದು ಕೂತ ಕಾರ್ಪೆಟ್ ಸ್ಪಂಜು. ಹಾಗಾಗಿ ನನ್ನ ಕ್ರಮ ಹೀಗಿದೆ: ಮೊದಲು ಗಾಡಿ ಸರಿಯಾಗಿ ನಿಲ್ಲಬೇಕು, ತಣ್ಣಗೆ ಓಡಬೇಕು, ಲೈಟು ಉರಿಯಬೇಕು. ಆಮೇಲೆ ಸೇರಿಸಿದ್ದನ್ನು ತೆಗೆಯಿರಿ, ತಿರುಗುವ ಭಾಗ ಹಗುರ ಮಾಡಿ. ಗಾಡಿಯನ್ನು ಮತ್ತು ನಿಮ್ಮನ್ನು ಹಿಡಿದಿಟ್ಟುಕೊಳ್ಳುವ ಯಾವ ಭಾಗವನ್ನೂ ತೆಳ್ಳಗೆ ಮಾಡಬೇಡಿ.

ಈ ಗಾಡಿ ನೋಡದ ಓದುಗರಿಗೆ ಎರಡು ಮಾತು. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಪುಟ್ಟ ಕಾರು ಇದು. ಎರಡೇ ಸೀಟು, ತೆಗೆಯಬಹುದಾದ ಟಾಪು, ಐದು ಗೇರು. ಎಂಜಿನ್ ಮುಂದೆ, ಓಟವೂ ಮುಂದಿನ ಚಕ್ರಕ್ಕೇ. ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಹಾರ್ಸ್‌ಪವರ್. ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ ಕಾರುಗಳಲ್ಲಿ ಓಡಿದ್ದೂ ಇದೇ ಎಂಜಿನ್. ಹಾಗಾಗಿ ಎಂಜಿನ್ನಿನ ಮಾಹಿತಿ, ಬಿಡಿಭಾಗ ಹುಡುಕಿದರೆ ದಾರಿ ಸಿಗುತ್ತದೆ. ಬಾಡಿಯ ಭಾಗ ಹಾಗಲ್ಲ. ಬಾನೆಟ್ಟು, ಬಂಪರು, ಬಾಗಿಲು ಏನೇ ಒಡೆದರೂ ಒಡೆದದ್ದನ್ನೇ ಕೂಡಿಸಿಕೊಳ್ಳಬೇಕು. ಪ್ರತಿ ಬೋಲ್ಟು ಬಿಚ್ಚುವಾಗ ಇದು ನೆನಪಿರಲಿ.

ದುಡ್ಡು ಹಾಕುವ ಮುಂಚೆ ಆರ್‌ಸಿ ತೆಗೆದು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗೋವಾ ನಂಬರಿನ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇರುವುದಾದರೆ ಕರ್ನಾಟಕದ ನಂಬರ್ ತೆಗೆದುಕೊಳ್ಳಬೇಕು. ನಿಮಗೆ ಸಿಗುವುದು ಹುಬ್ಬಳ್ಳಿಯ ಕೆಎ 63. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಚಾಸಿ ನಂಬರು, ಎಂಜಿನ್ ನಂಬರು ಎರಡೂ ಆರ್‌ಸಿಗೆ ಹೊಂದುತ್ತವಾ ಅಂತ ನೀವೇ ಓದಿ ನೋಡಿ. ಚಾಸಿ ನಂಬರಿನ ಮೇಲೆ ಜಂಗು ಹಿಡಿದಿದ್ದರೆ ಮೆತ್ತನೆ ಬ್ರಷ್ಷಿನಿಂದ, ಸೀಮೆಎಣ್ಣೆ ಹಚ್ಚಿ ನಿಧಾನಕ್ಕೆ ಉಜ್ಜಿ. ಗ್ರೈಂಡರ್ ತಾಗಿಸಿದರೆ ನಂಬರ್ ಅಳಿಸಿದ ಅನುಮಾನ ಬರುತ್ತದೆ, ಅದರಿಂದ ಪಾರಾಗುವುದು ಕಷ್ಟ.

ಇನ್ನೊಂದು ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿದೆ. ಚೌಕಟ್ಟು ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು ಇವೆಲ್ಲ ತಲೆಯಿಂದ ತೆಗೆದುಹಾಕಿ. ನಾನು ಮುಂದೆ ಹೇಳುವ ಕೆಲಸ ಹೆಚ್ಚಿನದು ಗಾಡಿಯನ್ನು ಮೂಲ ಸ್ಥಿತಿಗೆ ತರುವಂಥದ್ದೇ.

ಈಗ ಪೋರ್ಟಿಕೋಗೆ ಬರೋಣ. ಜಾಕ್ ಎಲ್ಲಿ ಕೊಡಬೇಕು ಅನ್ನುವುದು ಫೈಬರ್ ಗಾಡಿಯಲ್ಲಿ ತುಂಬಾ ಮುಖ್ಯ. ಬಾಗಿಲ ಕೆಳಗಿನ ಅಂಚಿಗೆ ಕೊಟ್ಟರೆ ಫೈಬರ್ ಚಟ್ ಅಂತ ಸೀಳುತ್ತದೆ. ಒಳಗೆ ಬಗ್ಗಿ ನೋಡಿ, ಉಕ್ಕಿನ ಚೌಕಟ್ಟು ಎಲ್ಲಿದೆ ಅಂತ ಗುರುತು ಮಾಡಿ, ಅಲ್ಲಿ ಮಾತ್ರ ಕೊಡಿ. ಜಾಕ್ ಇರುವುದು ಎತ್ತಲಿಕ್ಕೆ. ಎತ್ತಿದ ಮೇಲೆ ಗಾಡಿ ನಿಲ್ಲಬೇಕಾದದ್ದು 2 ಅಥವಾ 3 ಟನ್ನಿನ ಆಕ್ಸಲ್ ಸ್ಟ್ಯಾಂಡಿನ ಮೇಲೆ. ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಕೆಳಗೆ ನುಸುಳುವುದು ಬೇಡವೇ ಬೇಡ. ಇಟ್ಟಿಗೆ ಬಿರುಕು ಬಿಡುವ ಮುಂಚೆ ಸೂಚನೆ ಕೊಡುವುದಿಲ್ಲ. ಶಹಾಬಾದ್ ಕಲ್ಲಿನ ನೆಲವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಅಂಗಳದಲ್ಲಿ ಎರೆ ಮಣ್ಣಿದ್ದರೆ ಅಲ್ಲಿ ಎತ್ತಲೇಬೇಡಿ, ಒಂದು ಮಳೆಗೆ ಸ್ಟ್ಯಾಂಡು ಕುಸಿಯುತ್ತದೆ.

ನಿಮ್ಮ ಮೂರು ದೂರಿನಲ್ಲಿ ಎರಡಕ್ಕೆ ಒಂದೇ ಕಾರಣ ಇರುವ ಸಾಧ್ಯತೆ ಜಾಸ್ತಿ: ಅರ್ಥಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿನ ಎಷ್ಟೋ ಒಳ್ಳೆ ಮಿಸ್ತ್ರಿಗಳಿಗೂ ಫೈಬರ್ ಕಾರಿನ ಅಭ್ಯಾಸ ಇರುವುದಿಲ್ಲ. ತಗಡಿನ ಕಾರಿನಲ್ಲಿ ಬಲ್ಬಿಗೆ ಹೋದ ಕರೆಂಟು ಬಾಡಿಯ ತಗಡಿನ ಮೂಲಕವೇ ಬ್ಯಾಟರಿಗೆ ವಾಪಸ್ ಬರುತ್ತದೆ. ಫೈಬರ್ ಕರೆಂಟು ಒಯ್ಯುವುದಿಲ್ಲ. ಹಾಗಾಗಿ ಸ್ಟಾರ್ಮ್‌ನಂಥ ಗಾಡಿಯಲ್ಲಿ ಪ್ರತಿ ಲೈಟು, ಫ್ಯಾನು, ಹಾರ್ನಿಗೂ ವಾಪಸ್ ಬರಲು ಪ್ರತ್ಯೇಕ ವೈರು ಬೇಕು. ಆ ವೈರುಗಳು ಎಲ್ಲೋ ಒಂದೆರಡು ಕಡೆ ಉಕ್ಕಿನ ಚೌಕಟ್ಟಿಗೋ ಬ್ಯಾಟರಿಯ ನೆಗೆಟಿವ್‌ಗೋ ಬೋಲ್ಟಾಗಿರುತ್ತವೆ. ಗೋವಾದ ಉಪ್ಪುಗಾಳಿಗೆ ಆ ಬೋಲ್ಟಿನ ಬುಡ ಹಸಿರುಗಟ್ಟುತ್ತದೆ, ಜಂಗು ಹಿಡಿಯುತ್ತದೆ. ಲೈಟು ಮಂಕಾಗುತ್ತದೆ. ರೇಡಿಯೇಟರ್ ಫ್ಯಾನು ತಿರುಗುತ್ತದೆ, ಆದರೆ ನಿಧಾನ. ಊರೊಳಗೆ ಸಿಗ್ನಲ್ಲಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ.

ಪರೀಕ್ಷೆ ಸುಲಭ. ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಡಿ. ಹೆಡ್‌ಲೈಟ್ ಹಾಕಿ. ಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಚುಚ್ಚಿ. ವೈರಿನ ಕ್ಲಾಂಪಿಗೆ ಬೇಡ, ಸೀಸದ ಕಂಬಕ್ಕೇ ಕೊಡಿ. ಕೆಂಪು ಮುಳ್ಳನ್ನು ಹೆಡ್‌ಲೈಟಿನ ಹಿಂದೆ ಅರ್ಥಿಂಗ್ ವೈರು ಸೇರುವ ಪಿನ್ನಿಗೆ ತಾಗಿಸಿ. ಎಲ್ಲ ಸರಿ ಇದ್ದರೆ 0.1 ವೋಲ್ಟಿನ ಆಸುಪಾಸು ತೋರಿಸಬೇಕು. ಅರ್ಧ ವೋಲ್ಟು ಬಂದರೆ ದಾರಿಯಲ್ಲಿ ಎಲ್ಲೋ ಜಂಗು ಇದೆ. ಒಂದೂವರೆ ಬಂದರೆ ಅಷ್ಟೂ ವೋಲ್ಟು ಬಲ್ಬಿಗೆ ಸಿಗದೆ ವೈರಿನಲ್ಲೇ ಬಿಸಿಯಾಗಿ ಹೋಗುತ್ತಿದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಅದಕ್ಕೇ ಸಣ್ಣ ಜಂಗಿಗೆ ಇಷ್ಟು ದೊಡ್ಡ ಮಂಕು. ಫ್ಯಾನಿಗೂ ಇದೇ ಪರೀಕ್ಷೆ ಮಾಡಿ, ಫ್ಯಾನು ಓಡುತ್ತಿರುವಾಗಲೇ.

ತಪ್ಪು ಸಿಕ್ಕ ಜಾಗದಲ್ಲಿ ಬೋಲ್ಟು ಬಿಚ್ಚಿ, ಉಕ್ಕು ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ. ಹೊಸ ತಾಮ್ರದ ರಿಂಗು ಕ್ರಿಂಪ್ ಮಾಡಿ ಬಿಗಿಯಿರಿ, ಮೇಲೆ ವ್ಯಾಸಲಿನ್ ಬಳಿಯಿರಿ. ಜೊತೆಗೆ ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸಿಗೆ ಒಂದು, ಚೌಕಟ್ಟಿಗೆ ಒಂದು ಹೊಸ ದಪ್ಪ ಕೇಬಲ್ ಎಳೆಯಿರಿ, 16 ಚದರ ಮಿಲಿಮೀಟರಿನದು. ಇಷ್ಟರಿಂದಲೇ ಅರ್ಧ ಗಾಡಿ ಸರಿಯಾದ ಹಾಗೆ. ಬೆಳಕು ಸಾಲದು ಅಂತ 100 ವ್ಯಾಟಿನ ಬಲ್ಬು ಹಾಕುವುದು ಬೇಡ. ಹಳೇ ವೈರು ಕಾಯುತ್ತದೆ, ಫೈಬರ್‌ಗ್ಲಾಸಿನ ರಾಳಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಇದೇ ಕಾರಣಕ್ಕೆ ಸೀಟಿನ ಹತ್ತಿರ ಕೈಗೆ ಸಿಗುವ ಹಾಗೆ 1 ಅಥವಾ 2 ಕಿಲೋದ ಬೆಂಕಿ ನಂದಿಸುವ ಸಿಲಿಂಡರ್ ಕೂರಿಸಿ. ತೂಕ ಇಳಿಸಲು ಹೊರಟವರಿಗೆ ತೂಕ ಸೇರಿಸಿ ಅಂತಿದ್ದೇನೆ, ಗೊತ್ತು. ಇದೊಂದು ಬೇಕೇ ಬೇಕು.

ಫ್ಯಾನು ಸರಿಯಾದ ಮೇಲೂ ಬಿಸಿಯಾದರೆ ನೀರಿನ ದಾರಿ ನೋಡಿ. ಮೊದಲು ಆಯಿಲ್ ಕ್ಯಾಪ್ ತೆಗೆಯಿರಿ. ಒಳಗೆ ಕೆನೆಯಂಥ ಬಿಳಿ ನೊರೆ ಇದ್ದರೆ, ಅಥವಾ ಎಂಜಿನ್ ಓಡುವಾಗ ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಅದು ಗ್ಯಾರೇಜಿನ ಕೆಲಸ. ಇಲ್ಲವಾದರೆ ಹಳೇ ಕೂಲಂಟ್ ಇಳಿಸಿ, ನೀರು ತಿಳಿಯಾಗಿ ಬರುವವರೆಗೆ ತೊಳೆಯಿರಿ. ಥರ್ಮೋಸ್ಟಾಟ್ ಹೊಸದು ಹಾಕಿ. ಅನುಮಾನ ಇದ್ದರೆ ಹಳೆಯದನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ, ಕುದಿಯುವ ಮುಂಚೆಯೇ ಅದು ಬಾಯಿ ತೆರೆಯಬೇಕು. ಥರ್ಮೋಸ್ಟಾಟ್ ಕಿತ್ತುಹಾಕಿ ಓಡಿಸು ಅನ್ನುವ ಸಲಹೆ ನಮ್ಮ ಕಡೆ ಬಹಳ ಇದೆ. ಕೇಳಬೇಡಿ. ಎಂಜಿನ್ ಸರಿಯಾದ ಶಾಖಕ್ಕೇ ಬರುವುದಿಲ್ಲ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಹೊಸ ಕೂಲಂಟಿಗೆ ಬೋರ್‌ವೆಲ್ ನೀರು ಬೆರೆಸಬೇಡಿ. ನಮ್ಮ ಕಡೆ ಬೋರಿನ ನೀರು ಗಡಸು, ಗದಗ, ನವಲಗುಂದ ಕಡೆ ಹೋದರಂತೂ ಪಾತ್ರೆಯ ತಳದಲ್ಲೇ ಬಿಳಿ ಪದರ ಕಾಣುತ್ತದೆ. ಆ ಪದರ ರೇಡಿಯೇಟರಿನೊಳಗೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಅರ್ಧಕ್ಕರ್ಧ ಬೆರೆಸಿ.

ಬ್ರೇಕಿಗೆ ಅರೆಬರೆ ಕೆಲಸ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯಲ್ಲಿ ಆ ನೀರು ಪಿಸ್ಟನ್ನಿಗೆ, ಪೈಪಿಗೆ ಜಂಗು ಹಿಡಿಸುತ್ತದೆ. ರಬ್ಬರ್ ಹೋಸು ನಾಲ್ಕೂ ಬದಲಿಸಿ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಉಬ್ಬಿಕೊಂಡಿರುತ್ತದೆ, ಪೆಡಲ್ ಮೆತ್ತಗಾಗಲು ಅದೂ ಒಂದು ಕಾರಣ. ಕ್ಯಾಲಿಪರ್, ವೀಲ್ ಸಿಲಿಂಡರ್ ಬಿಚ್ಚಿ ಸೀಲ್ ಹೊಸದು ಹಾಕಿ. ಏರ್ ತೆಗೆಯುವಾಗ ಒಂದು ಎಚ್ಚರ: ಹಳೇ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲನ್ನು ಪೂರ್ತಿ ತಳಕ್ಕೆ ಒತ್ತಬೇಡಿ. ದಿನಾ ಓಡಾಡದ ತುದಿಯಲ್ಲಿ ಜಂಗಿನ ಗಂಟು ಇರುತ್ತದೆ, ಸೀಲು ಅದರ ಮೇಲೆ ಹಾಯ್ದರೆ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಆಯ್ತು. ಹೊಸ ಡಾಟ್ 4 ಆಯಿಲ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೇಂಟಿನ ಮೇಲೆ ಚೆಲ್ಲಿದರೆ ಒರೆಸಬೇಡಿ, ಕೂಡಲೇ ನೀರು ಸುರಿಯಿರಿ.

ಪೆಟ್ರೋಲಿನ ವಿಷಯ ಈಗಿನ ಕಾಲದ್ದು. ಇಂದು ಪಂಪಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ನಿಮ್ಮ ಗಾಡಿ ತಯಾರಾದಾಗ ಅದರ ಮಾತೇ ಇರಲಿಲ್ಲ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ನೀರು ಹೀರುತ್ತದೆ, ಟ್ಯಾಂಕಿನ ತಳದ ಹೊಲಸನ್ನು ಸಡಿಲ ಮಾಡಿ ಫಿಲ್ಟರಿಗೆ ತಳ್ಳುತ್ತದೆ. ಹಾಗಾಗಿ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ಹೋಸು, ಓ ರಿಂಗು, ಕ್ಲಿಪ್ಪು ಬದಲಿಸಿ. ಇದು ಇಂಜೆಕ್ಷನ್ ಎಂಜಿನ್. ಪೈಪಿನಲ್ಲಿ ಒತ್ತಡ ಜಾಸ್ತಿ. ಕಾರ್ಬುರೇಟರ್ ಗಾಡಿಯ ಅಗ್ಗದ ಹೋಸು ನಡೆಯುವುದಿಲ್ಲ. ಇಂಜೆಕ್ಷನ್ನಿಗೆ ಮತ್ತು ಎಥನಾಲಿಗೆ ತಡೆಯುವಂಥದ್ದೇ ಕೇಳಿ ತನ್ನಿ. ಮೊದಲ ಕೆಲವು ಟ್ಯಾಂಕ್ ಆದ ಮೇಲೆ ಫಿಲ್ಟರನ್ನು ಮತ್ತೊಮ್ಮೆ ಬದಲಿಸಿ. ಪೋರ್ಟಿಕೋ ಪಕ್ಕದಲ್ಲೇ ನೀರು ಕಾಯಿಸುವ ಒಲೆ, ಗ್ಯಾಸ್ ಗೀಸರ್ ಇದ್ದರೆ ಈ ಕೆಲಸ ಅಲ್ಲಿ ಮಾಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಒಲೆಯವರೆಗೆ ಹೋಗುತ್ತದೆ.

ಇನ್ನು ಬಾಡಿ. ಫೈಬರಿಗೆ ಜಂಗು ಹಿಡಿಯುವುದಿಲ್ಲ ಅನ್ನುವ ಧೈರ್ಯದಲ್ಲಿ ಒಳಗಿನ ಉಕ್ಕನ್ನು ಯಾರೂ ನೋಡುವುದಿಲ್ಲ. ಫೈಬರ್ ಮತ್ತು ಉಕ್ಕು ಸೇರುವ ಸಂದಿಯಲ್ಲಿ ನೀರು ನಿಂತರೆ ಹೊರಗೆ ಏನೂ ಕಾಣುವುದಿಲ್ಲ. ಕಾರ್ಪೆಟ್ ತೆಗೆದು, ಸೀಟು ಬಿಚ್ಚಿ, ಸಣ್ಣ ಸುತ್ತಿಗೆಯಿಂದ ಚೌಕಟ್ಟಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ತಿಂದುಹೋದ ಉಕ್ಕು ಡಬ್ ಅನ್ನುತ್ತದೆ, ಪುಡಿ ಉದುರುತ್ತದೆ. ಸೀಟ್ ಬೆಲ್ಟಿನ ಬೋಲ್ಟು, ಸೀಟಿನ ಬುಡ, ಸಸ್ಪೆನ್ಷನ್ ತೋಳು ಹಿಡಿದ ಜಾಗ, ಈ ಮೂರು ಕಡೆ ಡಬ್ ಅಂದರೆ ಉಳಿದ ಎಲ್ಲ ಕೆಲಸ ನಿಲ್ಲಿಸಿ. ಒಳ್ಳೆ ವೆಲ್ಡರ್ ಕೈಯಲ್ಲಿ ಅಲ್ಲಿ ಹೊಸ ಉಕ್ಕು ಕೂರಿಸಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಮತ್ತು ಎಂಜಿನ್ ಕಂಪ್ಯೂಟರಿನ ಪ್ಲಗ್ ಬಿಚ್ಚಿಡಿ. ಸುತ್ತಲಿನ ಫೈಬರಿಗೆ ಒದ್ದೆ ಗೋಣಿ ಹೊದಿಸಿ.

ಫೈಬರಿನ ಬಿರುಕಿಗೆ ಮೇಲಿನಿಂದ ಪುಟ್ಟಿ ಮೆತ್ತುವುದು ನಮ್ಮಲ್ಲಿ ರೂಢಿ. ಅದರಿಂದ ಬಿರುಕು ಮುಚ್ಚುತ್ತದೆ, ವಾಸಿಯಾಗುವುದಿಲ್ಲ. ಮುಂದಿನ ಗುಂಡಿಗೆ ಮತ್ತೆ ಬಾಯಿ ಬಿಡುತ್ತದೆ. ಅದರ ಮೇಲೆ ಇನ್ನೊಂದು ಪದರ. ಹೀಗೆ ಬೆರಳು ದಪ್ಪದ ಪುಟ್ಟಿ ಕೂತ ಬಾಡಿಗಳಿವೆ. ಸರಿಯಾದ ರೀತಿ ಒಳಗಿನಿಂದ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹಾಕಿ, ಅದು ಮುಂದೆ ಓಡದಂತೆ. ಒಳಗಿನ ಮೈಯನ್ನು ಬಿರುಕಿನ ಸುತ್ತ ಅಗಲಕ್ಕೆ, ಇಳಿಜಾರಾಗಿ ಉಜ್ಜಿ. ಇಳಿಜಾರು ದಪ್ಪದ ಹತ್ತು ಹನ್ನೆರಡು ಪಟ್ಟು ಅಗಲ ಇರಲಿ. ಅಂದರೆ 3 ಮಿಲಿಮೀಟರ್ ದಪ್ಪಕ್ಕೆ ಪ್ರತಿ ಬದಿಗೆ ಮೂರು ಸೆಂಟಿಮೀಟರಿಗೂ ಜಾಸ್ತಿ. ಅಸಿಟೋನಿನಲ್ಲಿ ಒರೆಸಿ, ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಪದರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ರಾಳ ಹಚ್ಚಿ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರಾಳ ಸಾಕು. ಜಾಸ್ತಿ ಸುರಿದರೆ ಗಟ್ಟಿತನ ಹೆಚ್ಚುವುದಿಲ್ಲ, ಭಾರ ಆಗುತ್ತದೆ, ಒಣಗಿದ ಮೇಲೆ ಸೀಳುತ್ತದೆ. ರೋಲರ್ ಒತ್ತಿ ಗಾಳಿಗುಳ್ಳೆ ಹೊರಗೆ ತಳ್ಳುವುದೇ ಇಲ್ಲಿ ಕೈಕೆಲಸ. ಮ್ಯಾಟಿನ ಬಿಳಿ ಬಣ್ಣ ಹೋಗಿ ಒಳಗಿನ ಮೈ ಪಾರದರ್ಶಕವಾಗಿ ಕಂಡರೆ ರಾಳ ಸರಿಯಾಗಿ ಇಳಿದಿದೆ.

ಹವೆ ನೋಡಿಕೊಂಡು ಮಾಡಿ. ಪಾಲಿಯೆಸ್ಟರ್ ರಾಳಕ್ಕೆ ಹಾರ್ಡನರ್ ಶೇ. 1ರಿಂದ 2. ಏಪ್ರಿಲ್ ಬಿಸಿಲಿನಲ್ಲಿ ಶೇ. 2 ಹಾಕಿದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ದೀಪಾವಳಿ ಕಳೆದು ಸಂಕ್ರಾಂತಿವರೆಗಿನ ಒಣ ಹವೆ ಇದಕ್ಕೆ ಚೆಂದ, ಮಧ್ಯಾಹ್ನದ ಹೊತ್ತು. ಗಾಜಿನ ಪುಡಿ ಪುಪ್ಪುಸಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿ ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಉಜ್ಜುವ ದಿನ ಅವರನ್ನು ಹತ್ತಿರ ಬಿಡಬೇಡಿ, ನೆಲವನ್ನು ಗುಡಿಸದೆ ನೀರು ಹಾಕಿ ತೊಳೆಯಿರಿ.

ಈಗ ನಿಮ್ಮ ಇಷ್ಟದ ವಿಷಯ, ತೂಕ. ಅಳೆಯದೆ ಏನೂ ತೆಗೆಯಬೇಡಿ. ಅಮರಗೋಳದ ಎಪಿಎಂಸಿ ಸುತ್ತಮುತ್ತ ವೇ ಬ್ರಿಡ್ಜ್ ಇವೆ. ಗಾಡಿ ಒಯ್ದು ಪೂರ್ತಿ ತೂಕ ಒಮ್ಮೆ, ಮುಂದಿನ ಚಕ್ರ ಮಾತ್ರ ಮೇಲಿಟ್ಟು ಒಮ್ಮೆ ತೂಗಿಸಿ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು ಬರೆದಿಡಿ. ಲಾರಿ ತೂಗುವ ಯಂತ್ರ 5 ಅಥವಾ 10 ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ. ಹಾಗಾಗಿ ಸಣ್ಣ ಸಾಮಾನಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ತನ್ನಿ. ತೆಗೆದ ಪ್ರತಿಯೊಂದನ್ನೂ ತೂಗಿ ವಹಿಯಲ್ಲಿ ಬರೆಯಿರಿ.

ಲಾಭ ಎಷ್ಟು? ಲೆಕ್ಕಕ್ಕೆ ಗಾಡಿ 800 ಕಿಲೋ ಅಂತ ಇಟ್ಟುಕೊಳ್ಳಿ, ಎಂಜಿನ್ 60 ಹಾರ್ಸ್‌ಪವರ್. 40 ಕಿಲೋ ಇಳಿದರೆ ಶೇ. 5 ಇಳಿದ ಹಾಗೆ. ಓಟದಲ್ಲಿ ಅದು 3 ಹಾರ್ಸ್‌ಪವರ್ ಸೇರಿಸಿದ್ದಕ್ಕೆ ಸಮ. ಎಂಜಿನ್ನಿನಿಂದ 3 ಹಾರ್ಸ್‌ಪವರ್ ಹಿಂಡಲು ಸಾವಿರಾರು ರೂಪಾಯಿ ಬೇಕು, ಅದೂ ಗ್ಯಾರಂಟಿ ಇಲ್ಲ. ತೂಕ ಇಳಿಸಿದರೆ ಬ್ರೇಕಿಗೂ ಟೈರಿಗೂ ತಿರುವಿಗೂ ಲಾಭ. ಹಾರ್ಸ್‌ಪವರ್ ಸೇರಿಸಿದರೆ ಅದೇನೂ ಸಿಗುವುದಿಲ್ಲ.

ಚಕ್ರದಿಂದ ಶುರು ಮಾಡಿ. ತಿರುಗುವ ತೂಕ ಎರಡು ಸಲ ಕೆಲಸ ಕೇಳುತ್ತದೆ: ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಟೈರಿನ ಅಂಚಿನಲ್ಲಿರುವ ಒಂದು ಕಿಲೋ, ವೇಗ ಹಿಡಿಯುವಾಗ ಹತ್ತಿರ ಹತ್ತಿರ ಎರಡು ಕಿಲೋದಷ್ಟು ಭಾರ ಕೊಡುತ್ತದೆ. ನಿಮ್ಮ ಗಾಡಿಗೆ ಹಿಂದಿನವರು ದೊಡ್ಡ ಅಲಾಯ್ ಹಾಕಿಸಿದ್ದರೆ ಟೈರ್ ಸಮೇತ ತೂಗಿ ನೋಡಿ. ಅಲಾಯ್ ಅಂದರೆ ಹಗುರ ಅಂತ ನಂಬಿಕೆ. ಅಗ್ಗದ, ದಪ್ಪ ಎರಕದ ಅಲಾಯ್ ಎಷ್ಟೋ ಸಲ ಉಕ್ಕಿನ ಚಕ್ರಕ್ಕಿಂತ ಭಾರ ಇರುತ್ತದೆ. ಕಂಪನಿ ಕೊಟ್ಟ ಅಳತೆಗೆ ವಾಪಸ್ ಬನ್ನಿ. ಚಕ್ರ ಹಗುರಾದರೆ ಗುಂಡಿಯಲ್ಲಿ ಸಸ್ಪೆನ್ಷನ್ ಬೇಗ ಸುಧಾರಿಸಿಕೊಳ್ಳುತ್ತದೆ. ನಮ್ಮ ರಸ್ತೆಗೆ ಅದು ದೊಡ್ಡ ವರ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2419 ಅಂದರೆ 2019ರ 24ನೇ ವಾರ. ಹಳತಾದ ಟೈರು, ಗೆರೆ ಎಷ್ಟೇ ಉಳಿದಿರಲಿ, ಬಿಸಾಡಿ.

ಸಬ್‌ವೂಫರ್, ಆಂಪ್ಲಿಫೈಯರ್, ಅವುಗಳ ದಪ್ಪ ವೈರು ಮೊದಲ ದಿನವೇ ಹೋಗಲಿ. ಕಾರ್ಪೆಟ್ ಇರಲಿ, ಕೆಳಗಿನ ಸ್ಪಂಜನ್ನು ಹಿಂಡಿ ಒಣಗಿಸಿ ತೂಗಿ. ಒದ್ದೆ ಮತ್ತು ಒಣ ತೂಕದ ವ್ಯತ್ಯಾಸ ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಹುಡುಕಿ, ಬಾಗಿಲ ಬೀಡಿಂಗ್ ಬದಲಿಸಿ. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಆ ತೂಕ ವಾಪಸ್ ಬರುತ್ತದೆ, ಜೊತೆಗೆ ಚೌಕಟ್ಟಿಗೆ ಜಂಗೂ ತರುತ್ತದೆ.

ಎಸಿ ಕೆಲಸ ಮಾಡುತ್ತಿದ್ದರೆ ಬಿಡಿ. ಮೇ ತಿಂಗಳ ಹುಬ್ಬಳ್ಳಿಯ ಧೂಳಿನಲ್ಲಿ ಟಾಪು ಮುಚ್ಚಿ ಎಸಿ ಇಲ್ಲದೆ ಕೂತರೆ ಗಾಡಿಯ ಮೇಲಿನ ಪ್ರೀತಿಯೇ ಹೋಗುತ್ತದೆ. ಕಂಪ್ರೆಸರ್ ಜಾಮ್ ಆಗಿ ವರ್ಷಗಳೇ ಆಗಿದ್ದರೆ ತೆಗೆಯಿರಿ. ರೇಡಿಯೇಟರಿನ ಮುಂದಿನ ಕಂಡೆನ್ಸರ್ ಹೋದರೆ ಗಾಳಿಯೂ ಚೆನ್ನಾಗಿ ಬರುತ್ತದೆ. ಗ್ಯಾಸು ಮಾತ್ರ ಎಸಿ ಅಂಗಡಿಯಲ್ಲಿ ಯಂತ್ರದಿಂದ ತೆಗೆಸಿ, ಹೋಸು ನೀವೇ ಬಿಚ್ಚಬೇಡಿ. ಸ್ಟೆಪ್ನಿ ಇರಲಿ. ರಾತ್ರಿ ಯಲ್ಲಾಪುರದ ಕಾಡಿನಲ್ಲಿ ಪಂಕ್ಚರ್ ಆದವರಿಗೆ ಆ ಚಕ್ರದ ತೂಕ ತೂಕವಲ್ಲ. ಲಿಥಿಯಂ ಬ್ಯಾಟರಿ ಆರೇಳು ಕಿಲೋ ಉಳಿಸುತ್ತದೆ, ಆದರೆ ಎಂಜಿನ್ ಪಕ್ಕದ ಶಾಖ, ಹಳೇ ಆಲ್ಟರ್ನೇಟರಿನ ಚಾರ್ಜಿಂಗ್ ಎರಡೂ ಅದಕ್ಕೆ ಆಗಿಬರುವುದಿಲ್ಲ. ಈಗ ಬೇಡ. ಸೀಟು, ಬೆಲ್ಟು, ಬಾಗಿಲೊಳಗಿನ ಉಕ್ಕು, ಬಂಪರ್ ಹಿಂದಿನ ಪಟ್ಟಿ, ಗಾಜು ಇವನ್ನು ಮುಟ್ಟಲೇಬೇಡಿ.

ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ತೆಳ್ಳಗೆ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಗೋಕುಲ ರಸ್ತೆ, ತಾರಿಹಾಳ ಕಡೆಯ ಲೇತ್ ಅಂಗಡಿಗಳಲ್ಲಿ ಎಂಥ ಕೆಲಸವನ್ನಾದರೂ ಮಾಡಿಕೊಡುವ ಕೈಗಳಿವೆ, ಆ ಬಗ್ಗೆ ನನಗೆ ಗೌರವ ಇದೆ. ಆದರೂ ಬೇಡ ಅಂತೀನಿ. ಈ ಎಂಜಿನ್ನಿನ ಟಾರ್ಕು, ಅಂದರೆ ತಿರುಗಿಸುವ ಬಲ, 93 ನ್ಯೂಟನ್ ಮೀಟರ್ ಅಷ್ಟೇ. ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಡುವಾಗ, ಏರಿನಲ್ಲಿ ಎಬ್ಬಿಸುವಾಗ ಆ ಭಾರದ ಚಕ್ರವೇ ಆಧಾರ. ಬ್ಯಾಲೆನ್ಸ್ ತಪ್ಪಿದರೆ ಕ್ರ್ಯಾಂಕಿನ ಬೇರಿಂಗೂ ಹೋಗುತ್ತದೆ. ಅದೇ ಲೇತಿನವರಿಂದ ಸಸ್ಪೆನ್ಷನ್ನಿನ ಹಿತ್ತಾಳೆ ಬುಷ್, ಸ್ಪೇಸರ್, ಸಿಗದ ಬ್ರಾಕೆಟ್ಟು ಮಾಡಿಸಿ. ಹಳೆಯದನ್ನು ಜೊತೆಗೆ ಒಯ್ದು ಕೊಡಿ, ಅಳತೆ ಬಾಯಿಮಾತಿನಲ್ಲಿ ಹೇಳಬೇಡಿ.

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಬದಲಿಸಿದರೆ ಅವುಗಳ ಬೋಲ್ಟು ಕೊನೆಯ ಬಿಗಿ ಬಿಗಿಯುವುದು ಗಾಡಿ ನಾಲ್ಕೂ ಚಕ್ರದ ಮೇಲೆ ಭಾರ ಕೊಟ್ಟು ನಿಂತಾಗ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಟೈಮಿಂಗ್ ಬೆಲ್ಟು ನಿಂತ ಗಾಡಿಯಲ್ಲೂ ಹಳಸುತ್ತದೆ. ಓಡಿದ ಕಿಲೋಮೀಟರ್ ನೋಡದೆ ಟೆನ್ಷನರ್, ವಾಟರ್ ಪಂಪು ಸಮೇತ ಬದಲಿಸಿ. ಟೈಮಿಂಗ್ ಗುರುತು ಕೂರಿಸಿ ಅಭ್ಯಾಸ ಇಲ್ಲದಿದ್ದರೆ ಇದನ್ನು ಗ್ಯಾರೇಜಿಗೆ ಕೊಡಿ, ಪಕ್ಕದಲ್ಲಿ ನಿಂತು ನೋಡಿ. ತೂಕ ಇಳಿದ ಮೇಲೆ ಗಾಡಿ ಸ್ವಲ್ಪ ಮೇಲೇಳುತ್ತದೆ. ಹಾಗಾಗಿ ವೀಲ್ ಅಲೈನ್‌ಮೆಂಟ್ ಎಲ್ಲ ಮುಗಿದ ಮೇಲೆ ಒಂದೇ ಸಲ ಮಾಡಿಸಿ, ಹೆಡ್‌ಲೈಟಿನ ಎತ್ತರವನ್ನೂ ಆಗಲೇ ಸರಿಮಾಡಿ.

ಮೊದಲ ಉದ್ದದ ಓಟಕ್ಕೆ ಕಲಘಟಗಿ ರಸ್ತೆ ಸಾಕು, ಹೋಗಿಬರಲು ಸುಮಾರು 60 ಕಿಲೋಮೀಟರ್. ಕಲಘಟಗಿಯಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ತಾಗಿಸಬೇಡಿ. ಎಡ ಬಲ ಒಂದೇ ಶಾಖ ಇರಬೇಕು. ಒಂದು ಬದಿ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಮನೆಗೆ ಬಂದು ವೀಲ್ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿಯಿರಿ, ಕೆಳಗೆ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆ, ಕೂಲಂಟ್, ಬ್ರೇಕ್ ಆಯಿಲ್ ಯಾವ ಕಲೆಯೂ ಇಲ್ಲದಿದ್ದರೆ ಮುಂದಿನ ರವಿವಾರ ಅರಬೈಲ್ ಘಟ್ಟಕ್ಕೆ ಹೊರಡಬಹುದು. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ, ಒತ್ತಿ ಬಿಡಿ, ಒತ್ತಿ ಬಿಡಿ.